ತಿಂಗಳಿಗೊಂದು ನಿಶ್ಚಿತ ಹಣ: ಬಡ ಕುಟುಂಬಗಳ ಆದಾಯ ಭದ್ರತೆಯ ಲೆಕ್ಕಾಚಾರ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಂಗಾಮು ಏರುವುದು ಚಳಿಗಾಲದಲ್ಲಿ. ಬೇಸಿಗೆ ಮುಗಿಯುವ ಹೊತ್ತಿಗೆ ಆವಕ ಇಳಿದುಹೋಗಿರುತ್ತದೆ. ಆ ಕೆಲವು ತಿಂಗಳು ಸುತ್ತಮುತ್ತಲಿನ ಊರುಗಳ ಹೆಣ್ಣುಮಕ್ಕಳು ಗುಂಪುಗುಂಪಾಗಿ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಾರೆ, ಬಿಡಿಸಿದ ತೂಕಕ್ಕೆ ತಕ್ಕ ಕೂಲಿ ಪಡೆಯುತ್ತಾರೆ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯ ಹಮಾಲರಿಗೆ ಚೀಲದ ಲೆಕ್ಕ, ಗದಗ-ಬೆಟಗೇರಿಯ ನೇಕಾರರಿಗೆ ಸೀರೆಯ ಲೆಕ್ಕ, ಧಾರವಾಡದಲ್ಲಿ ಕಸೂತಿ ಹಾಕುವವರಿಗೆ ಹಾಕಿಕೊಟ್ಟ ಬಟ್ಟೆಯ ಲೆಕ್ಕ, ಹೊಲದಲ್ಲಿ ಕಳೆ ತೆಗೆಯುವವರಿಗೂ ಹತ್ತಿ ಬಿಡಿಸುವವರಿಗೂ ದಿನದ ಲೆಕ್ಕ. ತಿಂಗಳ ಕೊನೆಗೆ ಇಷ್ಟು ಬರುತ್ತದೆ ಎಂದು ಹೇಳಬಲ್ಲ ಪಗಾರ ಇವರಲ್ಲಿ ಯಾರಿಗೂ ಇಲ್ಲ. ಬಡ ಕುಟುಂಬಗಳಿಗೆ ಸರ್ಕಾರ ನೇರವಾಗಿ ಹಣ ಕೊಡಬೇಕೇ, ಕೊಡುವುದಾದರೆ ಹೇಗೆ ಕೊಡಬೇಕು ಎಂಬ ಚರ್ಚೆಯನ್ನು ಈ ಸಂಗತಿಯಿಂದಲೇ ಆರಂಭಿಸಬೇಕು ಎಂಬುದು ನನ್ನ ನಿಲುವು. ಬಡತನದ ಬಗ್ಗೆ ನಮ್ಮ ಹೆಚ್ಚಿನ ಮಾತುಕತೆ ಆದಾಯದ ಪ್ರಮಾಣದ ಸುತ್ತಲೇ ನಡೆಯುತ್ತದೆ. ಆದಾಯದ ಏರಿಳಿತ ಮಾಡುವ ಹಾನಿ ಲೆಕ್ಕಕ್ಕೇ ಬರುವುದಿಲ್ಲ.

ಆ ಹಾನಿ ಎಷ್ಟೆಂದು ಒಂದು ಕಲ್ಪಿತ ಕುಟುಂಬದ ಲೆಕ್ಕದಿಂದ ನೋಡಬಹುದು. ಕರ್ನಾಟಕದಲ್ಲಿ ಬಿಪಿಎಲ್ ಪಡಿತರ ಚೀಟಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1,20,000 ರೂಪಾಯಿ, ಅಂದರೆ ತಿಂಗಳಿಗೆ ಸರಾಸರಿ 10,000 ರೂಪಾಯಿ. ಇಷ್ಟೇ ಆದಾಯವುಳ್ಳ ಮನೆಯೊಂದು ಹಂಗಾಮಿನ 5 ತಿಂಗಳು ತಲಾ 16,000 ರೂಪಾಯಿ ದುಡಿಯಿತು ಎಂದುಕೊಳ್ಳೋಣ. ಅಲ್ಲಿಗೆ 80,000 ರೂಪಾಯಿ ಆಯಿತು. ಉಳಿದ 7 ತಿಂಗಳಿಗೆ ಉಳಿಯುವುದು 40,000 ರೂಪಾಯಿ, ತಿಂಗಳಿಗೆ 5,700 ರೂಪಾಯಿಯ ಆಸುಪಾಸು. ಕಾಗದದ ಮೇಲೆ ಈ ಮನೆಯೂ ತಿಂಗಳಿಗೆ 10,000 ರೂಪಾಯಿ ಪಗಾರ ಬರುವ ಮನೆಯೂ ಒಂದೇ. ಆದರೆ ಮುಂಗಾರು ಹಿಡಿಯುವ ಜೂನ್‌ನಲ್ಲಿ ಕೆಲಸ ಕಡಿಮೆಯಾಗಿರುತ್ತದೆ. ಅದೇ ತಿಂಗಳು ಶಾಲೆ ತೆರೆದು ಪುಸ್ತಕ, ಪಾಟಿಚೀಲ, ಚಪ್ಪಲಿಯ ಖರ್ಚು ಬರುತ್ತದೆ, ಮಳೆಗೆ ಮಾಳಿಗೆ ಸೋರುತ್ತದೆ, ಮಕ್ಕಳಿಗೆ ಜ್ವರ ಬರುತ್ತದೆ. ಆಗ ಮನೆ ಸಾಲಕ್ಕೆ ಕೈಚಾಚುತ್ತದೆ. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯಂತೆ 20,000 ರೂಪಾಯಿ ಕೈಗಡ ತಂದು 6 ತಿಂಗಳ ನಂತರ ತೀರಿಸಿದರೆ ಬಡ್ಡಿಯೇ 6,000 ರೂಪಾಯಿ. ವರ್ಷದ ದುಡಿಮೆಯ ಇಪ್ಪತ್ತನೆಯ ಒಂದು ಭಾಗ ಒಂದು ಹೊತ್ತಿನ ರೊಟ್ಟಿಯನ್ನೂ ಹೆಚ್ಚಿಸದೆ ಹೋಯಿತು.

ಈಗ ಅದೇ ಮನೆಗೆ ಆ 6 ತಿಂಗಳು ತಪ್ಪದೆ 2,000 ರೂಪಾಯಿ ಬಂದಿತು ಎನ್ನೋಣ. ಸಾಲದ ಅಗತ್ಯ 20,000ದಿಂದ 8,000 ರೂಪಾಯಿಗೆ ಇಳಿಯುತ್ತದೆ, ಬಡ್ಡಿ 2,400 ರೂಪಾಯಿಗೆ ಇಳಿಯುತ್ತದೆ. ಸರ್ಕಾರ ಕೊಟ್ಟದ್ದು 12,000 ರೂಪಾಯಿ, ಮನೆಗೆ ಆದ ಅನುಕೂಲ 15,600 ರೂಪಾಯಿ. ಸಾಲವನ್ನು ಒಮ್ಮೆಗೇ ತರದೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವಾಗಿ ತಂದರೆ ಅಂಕಿಗಳು ಬದಲಾಗುತ್ತವೆಯೇ ಹೊರತು ಲೆಕ್ಕದ ದಿಕ್ಕು ಬದಲಾಗುವುದಿಲ್ಲ. ಆದರೆ ಇದಕ್ಕೊಂದು ಷರತ್ತಿದೆ. ಆ ಹಣ ನಿಗದಿತ ದಿನಕ್ಕೆ ಬರಬೇಕು, ಬರುತ್ತದೆಂಬ ಭರವಸೆ ಮೊದಲೇ ಇರಬೇಕು. ಮೂರು ತಿಂಗಳು ಬಾರದೆ ನಾಲ್ಕನೆಯ ತಿಂಗಳು ಒಟ್ಟಿಗೆ 8,000 ರೂಪಾಯಿ ಜಮೆಯಾದರೆ ಅಷ್ಟರಲ್ಲಿ ಸಾಲ ಆಗಿಯೇ ಹೋಗಿರುತ್ತದೆ. ಬಂದ ಹಣ ನೇರವಾಗಿ ಸಾಲ ಕೊಟ್ಟವರ ಕೈಗೆ ಹೋಗುತ್ತದೆ.

ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎಣ್ಣೆಯ ಕೈ ತಗುಲಿ ಅಂಚು ಕಪ್ಪಾದ ಉದ್ದನೆಯ ಪುಸ್ತಕ, ಮನೆಗೊಂದು ಪುಟ, ಪುಟದ ತಲೆಯಲ್ಲಿ ಹೆಸರು ಅಥವಾ ಓಣಿಯ ಗುರುತು. ಹಂಗಾಮಿನಲ್ಲಿ ಆ ಪುಟದಲ್ಲಿ ನಾಲ್ಕೈದು ಸಾಲು ಬರೆಯುವುದರೊಳಗೆ ಲೆಕ್ಕ ಚುಕ್ತಾ ಆಗಿ ಗೀಟು ಬೀಳುತ್ತದೆ. ಮಳೆಗಾಲದಲ್ಲಿ ಕಾಲು ಕಿಲೋ ಬೇಳೆ, ಅರ್ಧ ಕಿಲೋ ಎಣ್ಣೆ, ಚಹಾಪುಡಿ, ಸಾಬೂನು ಎಂದು ಪುಟ ತುಂಬಿ ಮುಂದಿನ ಪುಟಕ್ಕೆ ಹೋಗುತ್ತದೆ, ಗೀಟು ಬೀಳುವುದಿಲ್ಲ. ಉದ್ರಿ ಇರುವವರು ಪಕ್ಕದ ಅಂಗಡಿಯಲ್ಲಿ ಎಣ್ಣೆ ಐದು ರೂಪಾಯಿ ಅಗ್ಗವೆಂದು ಅಲ್ಲಿಗೆ ಹೋಗುವಂತಿಲ್ಲ, ದರದ ಬಗ್ಗೆ ಚೌಕಾಸಿ ಮಾಡುವಂತಿಲ್ಲ, ಸಂತೆಯ ದಿನ ಒಮ್ಮೆಗೇ ಹೆಚ್ಚು ಕೊಂಡು ಉಳಿಸುವಂತಿಲ್ಲ. ಕಡಿಮೆ ಇರುವವರೇ ಒಂದೊಂದು ವಸ್ತುವಿಗೂ ಹೆಚ್ಚು ಕೊಡಬೇಕಾಗುತ್ತದೆ. ಅಂಗಡಿಯವರನ್ನು ದೂರುವ ಮಾತು ಇದಲ್ಲ. ಅವರ ಬಂಡವಾಳವೂ ಆ ಪುಟಗಳಲ್ಲೇ ಸಿಕ್ಕಿಕೊಂಡಿರುತ್ತದೆ.

ಹೀಗಿರುವಾಗ ಬಡವರು ಯಾರು ಎಂಬುದನ್ನು ಸರ್ಕಾರ ಹೇಗೆ ಅಳೆಯುತ್ತದೆ? ತೆಂಡೂಲ್ಕರ್ ಸಮಿತಿಯ ವಿಧಾನದಂತೆ 2011-12ರಲ್ಲಿ ದೇಶದ ಬಡತನ ರೇಖೆ ಗ್ರಾಮಾಂತರದಲ್ಲಿ ತಲಾ ತಿಂಗಳಿಗೆ 816 ರೂಪಾಯಿ, ನಗರದಲ್ಲಿ 1,000 ರೂಪಾಯಿ ಎಂದಾಯಿತು. ಇದು ತೀರಾ ಕಡಿಮೆಯೆಂಬ ಟೀಕೆ ಬಂದ ಮೇಲೆ ರಂಗರಾಜನ್ ಸಮಿತಿ 2014ರಲ್ಲಿ 972 ಮತ್ತು 1,407 ರೂಪಾಯಿಗಳನ್ನು ಸೂಚಿಸಿತು. ಆನಂತರ ವೆಚ್ಚದ ಆಧಾರದ ಹೊಸ ಅಧಿಕೃತ ರೇಖೆಯೇ ಬಂದಿಲ್ಲ. ಅದರ ಜಾಗದಲ್ಲಿ ಈಗ ಹೆಚ್ಚು ಕೇಳಿಬರುವುದು ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕ. ಪೋಷಣೆ, ಶಾಲಾ ಹಾಜರಿ, ಅಡುಗೆ ಇಂಧನ, ಶೌಚಾಲಯ, ಕುಡಿಯುವ ನೀರು, ಮನೆ, ಬ್ಯಾಂಕ್ ಖಾತೆ ಮುಂತಾದ 12 ಸೂಚಕಗಳಿಂದ ಅದನ್ನು ಕಟ್ಟಲಾಗಿದೆ. ಅದರ ಪ್ರಕಾರ ದೇಶದಲ್ಲಿ ಬಡವರ ಪ್ರಮಾಣ 2015-16ರಲ್ಲಿ ಶೇ. 24.85 ಇದ್ದದ್ದು 2019-21ರಲ್ಲಿ ಶೇ. 14.96ಕ್ಕೆ ಇಳಿದಿದೆ. ಈ ಇಳಿಕೆ ನಿಜ, ಸಂತೋಷದ ಸಂಗತಿಯೂ ಹೌದು. ಆದರೆ ಮನೆಯಲ್ಲಿ ಶೌಚಾಲಯ, ವಿದ್ಯುತ್, ಬ್ಯಾಂಕ್ ಖಾತೆ ಎಲ್ಲ ಇದ್ದೂ ಜುಲೈ ತಿಂಗಳಲ್ಲಿ ಅಂಗಡಿಯವರ ಕಣ್ಣು ತಪ್ಪಿಸಿ ಓಡಾಡಬೇಕಾದ ಕುಟುಂಬ ಈ ಸೂಚ್ಯಂಕದಲ್ಲಿ ಬಡ ಕುಟುಂಬವಲ್ಲ.

ಎಣಿಕೆಯಲ್ಲಿ ಇನ್ನೊಂದು ತೊಡಕಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ದೇಶದ ಗ್ರಾಮೀಣ ಜನರಲ್ಲಿ ಶೇ. 75, ನಗರದ ಜನರಲ್ಲಿ ಶೇ. 50ರವರೆಗೆ ಪಡಿತರದ ಹಕ್ಕು ಕೊಡುತ್ತದೆ. ಆ ಸಂಖ್ಯೆಯನ್ನು ಹಾಕಿರುವುದು 2011ರ ಜನಗಣತಿಯ ಮೇಲೆ. 2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ಹೋಗಿದೆ. ಈ ನಡುವೆ ಹುಟ್ಟಿದ ಮಕ್ಕಳು, ಮದುವೆಯಾಗಿ ಬೇರೆಯಾದ ಹೊಸ ಮನೆಗಳು, ಹಳ್ಳಿಯಿಂದ ಹುಬ್ಬಳ್ಳಿಗೆ ಬಂದು ನೆಲೆಸಿದವರು ಹಳೆಯ ಲೆಕ್ಕದೊಳಗೇ ಜಾಗ ಹುಡುಕಿಕೊಳ್ಳಬೇಕಾಗಿದೆ.

ಕೈಗೆ ಬರುವ ಹಣ, ಉಳಿಯುವ ಖರ್ಚು

ಆದಾಯದ ಆಸರೆ ಎಂದರೆ ಖಾತೆಗೆ ಬೀಳುವ ನಗದು ಮಾತ್ರ ಎಂದು ತಿಳಿಯಬೇಕಿಲ್ಲ. ಮಾಡಲೇಬೇಕಾದ ಖರ್ಚನ್ನು ಇಳಿಸುವುದೂ ಮನೆಯ ಪಾಲಿಗೆ ಆದಾಯವೇ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯನ್ನು ನಾನು ಈ ದೃಷ್ಟಿಯಿಂದ ಬಹಳ ಮೇಲ್ಮಟ್ಟದ ಯೋಜನೆಯೆಂದು ಭಾವಿಸುತ್ತೇನೆ. ಅದಕ್ಕೆ ಅರ್ಜಿ ಹಾಕಬೇಕಿಲ್ಲ, ಬ್ಯಾಂಕ್ ಖಾತೆ ಬೇಕಿಲ್ಲ, ಮಧ್ಯವರ್ತಿಗೆ ನೂರು ರೂಪಾಯಿ ಕೊಡಬೇಕಿಲ್ಲ. ಗುರುತಿನ ಚೀಟಿ ತೋರಿಸಿದರೆ ನಿರ್ವಾಹಕರು ಶೂನ್ಯ ಟಿಕೆಟ್ ಕೊಡುತ್ತಾರೆ. ಕುಂದಗೋಳದಿಂದಲೋ ಕಲಘಟಗಿಯಿಂದಲೋ ಹುಬ್ಬಳ್ಳಿಗೆ ಮನೆಗೆಲಸಕ್ಕೆ, ತರಕಾರಿ ಮಾರಲು, ಅಂಗಡಿಯ ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ ದಿನದ ಕೂಲಿಯಲ್ಲಿ ದೊಡ್ಡ ಪಾಲು ಬಸ್ ಚಾರ್ಜಿಗೆ ಹೋಗುತ್ತಿತ್ತು. ಊರಲ್ಲಿ ಸಿಗುವ ಕಡಿಮೆ ಕೂಲಿಗೂ ನಗರದಲ್ಲಿ ಸಿಗುವ ಹೆಚ್ಚಿನ ಕೂಲಿಗೂ ನಡುವೆ ಇದ್ದ ಗೋಡೆ ಅದೇ ಚಾರ್ಜು. ಅದು ಹೋದ ಮೇಲೆ ಕೆಲಸ ಆರಿಸಿಕೊಳ್ಳುವ ಶಕ್ತಿ ಅವರಿಗೆ ಸ್ವಲ್ಪವಾದರೂ ಬಂದಿದೆ. ಗೃಹಜ್ಯೋತಿ ಮತ್ತು ಪಡಿತರ ಕೂಡ ಇದೇ ಬಗೆಯವು. ಅನ್ನಭಾಗ್ಯದಲ್ಲಿ 2023ರ ಜುಲೈಯಿಂದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ತಲಾ 170 ರೂಪಾಯಿ ಹಣ ಬರುತ್ತಿತ್ತು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯೇ ಬರತೊಡಗಿತು. ಜೋಳದ ರೊಟ್ಟಿ ತಿನ್ನುವ ನಮ್ಮ ಭಾಗದಲ್ಲಿ ಅಕ್ಕಿಯ ಜೊತೆ ಜೋಳವನ್ನೂ ಕೊಡಬೇಕೆಂಬ ಬೇಡಿಕೆಗೆ ಅರ್ಥವಿದೆ. ಅಕ್ಕಿ ಮಾರಿ ಜೋಳ ಕೊಳ್ಳುವ ಮನೆ ಎರಡೂ ಕಡೆ ನಷ್ಟ ಅನುಭವಿಸುತ್ತದೆ.

ನಗದಿನ ರೂಪದಲ್ಲಿ ರಾಜ್ಯದ ಅತಿ ದೊಡ್ಡ ಯೋಜನೆ ಗೃಹಲಕ್ಷ್ಮಿ. 2023ರ ಆಗಸ್ಟ್ 30ರಂದು ಆರಂಭವಾದ ಇದು ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ನಮೂದಾದ ಮಹಿಳೆಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತದೆ. ಆಕೆಯಾಗಲಿ ಪತಿಯಾಗಲಿ ಆದಾಯ ತೆರಿಗೆ ಕಟ್ಟುವವರು ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿರಬಾರದು. ಮಹಿಳೆಯ ಹೆಸರಿನ ಖಾತೆಗೆ, ಯಾವ ಖರ್ಚಿಗೆ ಬಳಸಬೇಕೆಂಬ ನಿರ್ಬಂಧವಿಲ್ಲದೆ ಹಣ ಬರುತ್ತದೆ ಎಂಬುದು ಇದರ ಹೆಚ್ಚುಗಾರಿಕೆ. ಇದರ ದೊಡ್ಡ ಕೊರತೆ ದಿನಾಂಕದ್ದು. ಕಂತುಗಳು ತಿಂಗಳುಗಟ್ಟಲೆ ತಡವಾಗಿ ಒಟ್ಟೊಟ್ಟಿಗೆ ಬಂದದ್ದಿದೆ. 2025ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳ ಕಂತು ಬಾಕಿ ಉಳಿದ ವಿಷಯ ಅದೇ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ದೊಡ್ಡ ಚರ್ಚೆಯಾಯಿತು. ಫೆಬ್ರವರಿ-ಮಾರ್ಚ್ ಬ್ಯಾಡಗಿಯಲ್ಲಿ ದುಡಿಮೆ ಇರುವ ತಿಂಗಳುಗಳು. ಅದೇ ಬಾಕಿ ಜೂನ್-ಜುಲೈನಲ್ಲಿ ಬಿದ್ದಿದ್ದರೆ ಆಗುವ ಪೆಟ್ಟು ಹಲವು ಪಟ್ಟು ಹೆಚ್ಚು. ನೌಕರರ ಸಂಬಳಕ್ಕೆ ದಿನ ಗೊತ್ತುಮಾಡಬಲ್ಲ ಸರ್ಕಾರ ಈ ಹಣಕ್ಕೂ ದಿನ ಗೊತ್ತುಮಾಡಬಲ್ಲದು.

ಪಿಂಚಣಿಗಳ ಕಥೆ ಇದಕ್ಕಿಂತ ಹಳೆಯದು, ಇದಕ್ಕಿಂತ ಕಠಿಣವಾದುದು. ಸಂವಿಧಾನದ 41ನೇ ವಿಧಿ ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವೈಕಲ್ಯದ ಸಂದರ್ಭಗಳಲ್ಲಿ ಸಾರ್ವಜನಿಕ ನೆರವು ಪಡೆಯುವ ಹಕ್ಕಿಗೆ ಸರ್ಕಾರ ವ್ಯವಸ್ಥೆ ಮಾಡಬೇಕೆಂದು ನಿರ್ದೇಶಿಸುತ್ತದೆ. ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರ ಸರ್ಕಾರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. 2007ರಲ್ಲಿ ಇದ್ದದ್ದೂ ಇಷ್ಟೇ. ಆಗಿನಿಂದ ಈವರೆಗೆ ಸಾಮಾನ್ಯ ಬೆಲೆಮಟ್ಟ ಎರಡು ಪಟ್ಟನ್ನೂ ಮೀರಿ ಏರಿದೆ. ಅಂದರೆ ಯಾರೂ ಆದೇಶ ಹೊರಡಿಸದೆಯೇ ಆ ಪಿಂಚಣಿ ಅರ್ಧಕ್ಕಿಂತ ಕಡಿಮೆಯಾಗಿದೆ. ರಾಜ್ಯದ ಸಂಧ್ಯಾ ಸುರಕ್ಷಾ 2007ರಲ್ಲಿ 400 ರೂಪಾಯಿಯಿಂದ ಆರಂಭವಾಗಿ ಈಗ 1,200 ರೂಪಾಯಿಗೆ ಬಂದಿರುವುದು ಸಮಾಧಾನದ ಸಂಗತಿ. ಆದರೆ ಪ್ರತಿ ಏರಿಕೆಯೂ ಒಂದೊಂದು ಬಜೆಟ್ಟಿನ ಔದಾರ್ಯವಾಗಿ ಬರುತ್ತದೆ. ಸರ್ಕಾರಿ ನೌಕರರ ತುಟ್ಟಿಭತ್ಯೆ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಏರುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿ ನೆಲೆಯೂರಿದೆ. ಅದೇ ಸೂತ್ರವನ್ನು ವಿಧವಾ ವೇತನಕ್ಕೆ, ಅಂಗವಿಕಲರ ವೇತನಕ್ಕೆ, ಗೃಹಲಕ್ಷ್ಮಿಗೆ ಅನ್ವಯಿಸಲು ಹೊಸದೇನನ್ನೂ ಕಂಡುಹಿಡಿಯಬೇಕಿಲ್ಲ.

ಹೊರಗುಳಿಯುವವರು

ಯೋಜನೆ ಎಷ್ಟೇ ಒಳ್ಳೆಯದಿರಲಿ, ಅದು ಒಂದು ಕಾಗದದ ಮೇಲೆ ನಿಂತಿರುತ್ತದೆ, ಆ ಕಾಗದ ಇಲ್ಲದವರು ಹೊರಗುಳಿಯುತ್ತಾರೆ. ಕೂಡು ಮನೆಯ ಪಡಿತರ ಚೀಟಿಯಲ್ಲಿ ಅತ್ತೆ ಯಜಮಾನಿ. ಮಗ-ಸೊಸೆ ಬೇರೆ ಮನೆ ಮಾಡಿ ವರ್ಷಗಳಾಗಿದ್ದರೂ ಹೊಸ ಚೀಟಿ ಸಿಕ್ಕಿರದಿದ್ದರೆ ಸೊಸೆಗೆ ಗೃಹಲಕ್ಷ್ಮಿಯೂ ಇಲ್ಲ, ಪ್ರತ್ಯೇಕ ಪಡಿತರವೂ ಇಲ್ಲ. ಗಂಡ ಬಿಟ್ಟುಹೋದ, ಅಥವಾ ಗಂಡನ ಮನೆ ಬಿಟ್ಟು ಬಂದು ತವರಿನಲ್ಲಿರುವ ಹೆಣ್ಣುಮಗಳ ಹೆಸರು ಇನ್ನೂ ಗಂಡನ ಮನೆಯ ಚೀಟಿಯಲ್ಲೇ ಇರುತ್ತದೆ. ಅದನ್ನು ತೆಗೆಸಲು ಆ ಮನೆಯವರ ಸಹಕಾರ ಬೇಕು. ಯಾರಿಗೆ ಆಸರೆ ಅತ್ಯಂತ ಅಗತ್ಯವೋ ಅವರೇ ಹೀಗೆ ಇನ್ನೊಬ್ಬರ ಮರ್ಜಿಗೆ ಬೀಳುತ್ತಾರೆ. ಮುಂಡರಗಿ, ಶಿರಹಟ್ಟಿ ಕಡೆಯಿಂದ ಗುಳೆ ಹೋದ ಕುಟುಂಬ ಇ-ಕೆವೈಸಿಗೆ ಹೇಳಿದ ದಿನ ಊರಲ್ಲಿ ಇರುವುದಿಲ್ಲ. 2024ರ ನವೆಂಬರ್‌ನಲ್ಲಿ ಅನರ್ಹರ ಬಿಪಿಎಲ್ ಚೀಟಿಗಳನ್ನು ತೆಗೆಯುವ ಕಾರ್ಯಾಚರಣೆಯಲ್ಲಿ ಅರ್ಹರ ಚೀಟಿಗಳಿಗೂ ಕತ್ತರಿ ಬಿದ್ದು, ಆಮೇಲೆ ಸರ್ಕಾರ ಅವುಗಳನ್ನು ಮರಳಿ ಕೊಡುವುದಾಗಿ ಹೇಳಬೇಕಾಯಿತು. ತಪ್ಪಾಗಿ ಸೇರಿದ ಒಬ್ಬರನ್ನು ತೆಗೆಯುವ ಆತುರದಲ್ಲಿ ಅರ್ಹರೊಬ್ಬರು ಬಿದ್ದುಹೋದರೆ ಆಗುವ ನಷ್ಟ ಸಮವಲ್ಲ: ಮೊದಲನೆಯದರಲ್ಲಿ ಖಜಾನೆಗೆ ಕೆಲವು ಸಾವಿರ ರೂಪಾಯಿ ಹೋಗುತ್ತದೆ, ಎರಡನೆಯದರಲ್ಲಿ ಒಂದು ಮನೆಯ ಊಟ.

ಬೆರಳಚ್ಚಿನ ಸಮಸ್ಯೆಯನ್ನು ಹತ್ತಿರದಿಂದ ನೋಡಬೇಕು. ತಿಂಗಳುಗಟ್ಟಲೆ ಮೆಣಸಿನಕಾಯಿಯ ತೊಟ್ಟು ಬಿಡಿಸಿದವರ ಬೆರಳ ತುದಿ ಉರಿಯುತ್ತಿರುತ್ತದೆ, ಸಿಪ್ಪೆ ಎದ್ದಿರುತ್ತದೆ. ಗೌಂಡಿ ಕೆಲಸದವರ ಕೈಯನ್ನು ಸಿಮೆಂಟು ತಿಂದಿರುತ್ತದೆ, ಹಮಾಲರ ಬೆರಳ ಗೆರೆಗಳು ಚೀಲ ಉಜ್ಜಿ ಸವೆದಿರುತ್ತವೆ. ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಇಂಥ ಬೆರಳಿಟ್ಟರೆ ಒಮ್ಮೆ ಒಪ್ಪುವುದಿಲ್ಲ, ಇನ್ನೊಮ್ಮೆ ಒಪ್ಪುವುದಿಲ್ಲ. ಕೈ ತೊಳೆದು ಸೀರೆಯ ಸೆರಗಿನಿಂದ ಒರೆಸಿಕೊಂಡು ಬೇರೆ ಬೆರಳು ಇಡಬೇಕಾಗುತ್ತದೆ. ಹಿಂದೆ ಸಾಲು ಬೆಳೆಯುತ್ತದೆ, ದಿನದ ಕೂಲಿ ಹೋಗುತ್ತದೆ. ಮೊಬೈಲ್‌ಗೆ ಬರುವ ಒಟಿಪಿ, ಕಣ್ಣಿನ ಪಾಪೆಯ ಗುರುತಿನಂಥ ಬದಲಿ ದಾರಿಗಳಿವೆ. ಆ ದಾರಿ ಇದೆಯೆಂದು ಸರದಿಯಲ್ಲಿ ನಿಂತವರಿಗೆ ಗೊತ್ತಿರಬೇಕು, ಅಂಗಡಿಯವರೂ ಒಪ್ಪಬೇಕು. ಕಷ್ಟದ ದುಡಿಮೆಯ ಗುರುತೇ ಆಸರೆಗೆ ಅಡ್ಡಿಯಾಗುವ ವ್ಯವಸ್ಥೆಯನ್ನು ತಾಂತ್ರಿಕ ತೊಂದರೆ ಎಂದು ಕರೆದು ಸುಮ್ಮನಾಗಲು ನನಗೆ ಮನಸ್ಸು ಒಪ್ಪುವುದಿಲ್ಲ.

ಜಮೀನು ಇಲ್ಲದವರು ಹೊರಗುಳಿಯುವ ರೀತಿ ಇನ್ನೂ ಸೂಕ್ಷ್ಮವಾದುದು. 2019ರ ಆಗಸ್ಟ್‌ನಲ್ಲಿ ಮಲಪ್ರಭಾ, ವರದಾ ನದಿಗಳು ಉಕ್ಕಿದವು. 2023ರಲ್ಲಿ ಬರ ಬಂದು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಎರಡೂ ಸಂದರ್ಭಗಳಲ್ಲಿ ಬೆಳೆ ಪರಿಹಾರ ಹೋದದ್ದು ಉತಾರದಲ್ಲಿ (ಪಹಣಿಯಲ್ಲಿ) ಹೆಸರಿದ್ದವರಿಗೆ. ಹೊಲ ಒಣಗಿದರೆ ಹೊಲದೊಡೆಯರಿಗೆ ಬೆಳೆ ನಷ್ಟ. ಅದೇ ಹೊಲದಲ್ಲಿ ಕಳೆ ತೆಗೆದು, ಶೇಂಗಾ ಕಿತ್ತು, ಹತ್ತಿ ಬಿಡಿಸಿ ಬದುಕುವವರಿಗೆ ಇಡೀ ಹಂಗಾಮಿನ ಕೂಲಿ ನಷ್ಟ, ಅದನ್ನು ಯಾವ ಸಮೀಕ್ಷೆಯೂ ಬರೆದುಕೊಳ್ಳುವುದಿಲ್ಲ. ವರ್ಷಕ್ಕೆ 6,000 ರೂಪಾಯಿಯ ಪಿಎಂ-ಕಿಸಾನ್ ನೆರವೂ ಭೂಮಿಯ ದಾಖಲೆಯ ಮೇಲೆಯೇ ನಿಂತಿದೆ. ಲಾವಣಿ (ಗೇಣಿ) ಹಾಕಿಕೊಂಡು ಉಳುವವರಿಗೆ, ಪಾಲಿಗೆ ಮಾಡುವವರಿಗೆ ಅದರಲ್ಲಿ ಜಾಗವಿಲ್ಲ. ಬರ ಘೋಷಣೆಯಾದ ತಾಲ್ಲೂಕಿನಲ್ಲಿ ಕೃಷಿ ಕೂಲಿಕಾರ ಕುಟುಂಬಗಳಿಗೂ ಕೂಲಿ ನಷ್ಟದ ಪರಿಹಾರ ತಾನಾಗಿಯೇ ದೊರೆಯಬೇಕು ಎಂಬುದನ್ನು ಈ ಭಾಗದ ರೈತ ಸಂಘಟನೆಗಳು ತಮ್ಮ ಬೇಡಿಕೆಯ ಪಟ್ಟಿಗೆ ಸೇರಿಸಿಕೊಂಡರೆ ಅದಕ್ಕೆ ದೊಡ್ಡ ಬಲ ಬರುತ್ತದೆ.

ಕೆಲಸದ ಖಾತರಿ ಈ ಕೊರತೆಯನ್ನು ತುಂಬಬೇಕಿತ್ತು. 2005ರ ಉದ್ಯೋಗ ಖಾತರಿ ಕಾಯ್ದೆ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸವನ್ನು ಹಕ್ಕಾಗಿ ಮಾಡಿತು. 2025-26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ ಇತ್ತು. ಕೆರೆ ಹೂಳೆತ್ತುವುದು, ಬದು ಹಾಕುವುದು, ಕೃಷಿ ಹೊಂಡ ತೋಡುವುದು, ಇವೆಲ್ಲ ಬೇಸಿಗೆಯ ಕೈಖಾಲಿ ದಿನಗಳಿಗೆ ಕೂಲಿ ತಂದವು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಜಾಗಕ್ಕೆ ಹೊಸ ಕಾನೂನು ತಂದಿತು. ಅದರಲ್ಲಿ ದಿನಗಳ ಸಂಖ್ಯೆ 125ಕ್ಕೆ ಏರಿದೆ. ವೆಚ್ಚದಲ್ಲಿ ಹೆಚ್ಚಿನ ರಾಜ್ಯಗಳ ಪಾಲು ಶೇ. 40 ಆಗಿದೆ; ಬಿತ್ತನೆ-ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ 60 ದಿನ ಕೆಲಸ ನಿಲ್ಲಿಸಲು ಅವಕಾಶವಿದೆ. ಮಳೆ ಕೈಕೊಟ್ಟ ವರ್ಷ ಬಿತ್ತನೆಯ ಕಾಲದಲ್ಲಿ ಹೊಲದಲ್ಲೂ ಕೆಲಸವಿರುವುದಿಲ್ಲ ಎಂಬುದನ್ನು ಆ 60 ದಿನಗಳನ್ನು ಗೊತ್ತುಮಾಡುವವರು ನೆನಪಿನಲ್ಲಿಡಬೇಕು. ನಗರದ ಕೂಲಿಕಾರರಿಗಂತೂ ಇಂಥ ಕಾನೂನೇ ಇಲ್ಲ. 2011ರಲ್ಲೇ 9.4 ಲಕ್ಷ ಜನರಿದ್ದ ಹುಬ್ಬಳ್ಳಿ-ಧಾರವಾಡದಲ್ಲಿ ಬೆಳಿಗ್ಗೆ ಕೂಲಿಗಾಗಿ ವೃತ್ತಗಳಲ್ಲಿ ನಿಲ್ಲುವವರು, ಕೆಲಸ ಸಿಗದಿದ್ದರೆ ಹತ್ತು ಗಂಟೆಗೆ ಬುತ್ತಿ ಹಿಡಿದುಕೊಂಡು ಮನೆಗೆ ಮರಳುತ್ತಾರೆ. ಕಟ್ಟಡ ಕಾರ್ಮಿಕರಿಗೆ 1996ರ ಕಾಯ್ದೆಯಿಂದ ಹುಟ್ಟಿದ ಕಲ್ಯಾಣ ಮಂಡಳಿ ಇದೆ, ವರ್ಷಕ್ಕೆ 90 ದಿನ ದುಡಿದವರು ನೋಂದಾಯಿಸಿಕೊಳ್ಳಬಹುದು. ಹಮಾಲರಿಗೆ, ಮನೆಗೆಲಸದವರಿಗೆ ಅಷ್ಟು ಗಟ್ಟಿಯಾದ ಆಧಾರವಿಲ್ಲ.

ಸಾಲದ ದಾರಿ

1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರಿ ಪತ್ತಿನ ಸಂಘವೆಂದು ಹೆಸರಾದ ಸಂಘವನ್ನು ಕಟ್ಟಿದರು. ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸುವುದೇ ಅದರ ಉದ್ದೇಶ. ಆ ಸಂಘಕ್ಕೆ ಒಂದು ಶತಮಾನ ದಾಟಿದ ಮೇಲೆ, 2025ರ ಜನವರಿಯಲ್ಲಿ, ಪಕ್ಕದ ಹಾವೇರಿ ಜಿಲ್ಲೆಯ ಮಹಿಳೆಯರು ಮೈಕ್ರೋ ಫೈನಾನ್ಸ್ ವಸೂಲಿಯ ಕಿರುಕುಳ ತಾಳಲಾರದೆ ಮಾಂಗಲ್ಯವನ್ನೇ ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸಿ ಪ್ರತಿಭಟಿಸಿದರು. ಫೆಬ್ರವರಿಯಲ್ಲಿ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಬಂತು, ಅದು ಮುಂದೆ ಕಾಯ್ದೆಯೂ ಆಯಿತು. ಅದರ ಅಗತ್ಯವಿತ್ತು. ಆದರೆ ವಸೂಲಿಯ ಕ್ರೌರ್ಯವನ್ನು ತಡೆದ ಮಾತ್ರಕ್ಕೆ ಸಾಲದ ಕಾರಣ ಹೋಗುವುದಿಲ್ಲ. ಕುಟುಂಬದ ತಿಂಗಳ ಆದಾಯದ ಶೇ. 50ಕ್ಕಿಂತ ಹೆಚ್ಚು ಸಾಲದ ಕಂತಿಗೆ ಹೋಗಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ಹಂಗಾಮಿನ ಫೆಬ್ರವರಿಯ ಆದಾಯ ನೋಡಿ ಕೊಟ್ಟ ಸಾಲದ ಕಂತು ಆ ನಿಯಮದೊಳಗೇ ಇರಬಹುದು. ಆಗಸ್ಟ್‌ನ ಆದಾಯಕ್ಕೆ ಹೋಲಿಸಿದರೆ ಅದೇ ಕಂತು ಮನೆಯ ಪೂರ್ತಿ ದುಡಿಮೆಯನ್ನೇ ನುಂಗಬಹುದು. ಕಂತಿಗೆ ವಾರ ನಿಗದಿಯಾಗಿರುತ್ತದೆ, ದುಡಿಮೆಗೆ ಯಾವುದೂ ನಿಗದಿ ಇಲ್ಲ. ಆಗ ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ ಎತ್ತುವುದು ನಡೆಯುತ್ತದೆ. ತಿಂಗಳಿಗೊಮ್ಮೆ ತಪ್ಪದೆ ಬರುವ ಹಣ ಈ ಸರಪಳಿಯ ಮೊದಲ ಕೊಂಡಿಯನ್ನೇ ಸಡಿಲಿಸುತ್ತದೆ ಎಂಬ ಕಾರಣಕ್ಕೆ ಆದಾಯದ ಆಸರೆಯನ್ನೂ ಸಾಲದ ನಿಯಂತ್ರಣವನ್ನೂ ಒಟ್ಟಿಗೆ ನೋಡಬೇಕೆಂದು ನಾನು ವಾದಿಸುತ್ತೇನೆ.

ಪುಕ್ಕಟೆ ಹಣ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ ಮಾತು ಕಟ್ಟೆಯ ಮೇಲೂ ಕೇಳಿಸುತ್ತದೆ, ಸಭೆಗಳಲ್ಲೂ ಕೇಳಿಸುತ್ತದೆ. ಇದು ಪರೀಕ್ಷಿಸಿ ನೋಡಬಹುದಾದ ಮಾತು, ಪರೀಕ್ಷಿಸಿಯೂ ಆಗಿದೆ. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಆರು ದೇಶಗಳ ಏಳು ನಗದು ಯೋಜನೆಗಳ ಅಂಕಿಅಂಶಗಳನ್ನು ಪರಿಶೀಲಿಸಿ, ಹಣ ಪಡೆದವರು ಕೆಲಸ ಕಡಿಮೆ ಮಾಡಿದರೆನ್ನಲು ವ್ಯವಸ್ಥಿತವಾದ ಪುರಾವೆ ಇಲ್ಲವೆಂದು 2017ರಲ್ಲಿ ಪ್ರಕಟಿಸಿದರು. ನಮ್ಮ ದೇಶದಲ್ಲೇ ಮಧ್ಯಪ್ರದೇಶದ ಹಳ್ಳಿಗಳಲ್ಲಿ ‘ಸೇವಾ’ ಎಂಬ ಸ್ವಯಂ ಉದ್ಯೋಗಿ ಮಹಿಳೆಯರ ಸಂಘಟನೆ ಯುನಿಸೆಫ್ ನೆರವಿನೊಂದಿಗೆ ಪ್ರಯೋಗ ನಡೆಸಿತು. ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100 ರೂಪಾಯಿ ಕೊಡಲಾಯಿತು, ಮುಂದೆ ಅದನ್ನು 300 ಮತ್ತು 150ಕ್ಕೆ ಏರಿಸಲಾಯಿತು. ಹಣ ಪಡೆದ ಮನೆಗಳು ಆಹಾರಕ್ಕೆ, ಶಾಲೆಗೆ, ದನ-ಆಡುಗಳಿಗೆ ಹೆಚ್ಚು ಖರ್ಚು ಮಾಡಿದವು, ಕುಡಿತ ಹೆಚ್ಚಲಿಲ್ಲ. ಬಡವರು ದುಡಿಯುವುದಿಲ್ಲ ಎನ್ನುವವರು ಮೆಣಸಿನಕಾಯಿಯ ಘಾಟಿನ ನಡುವೆ ಒಂದು ದಿನ ಪೂರ್ತಿ ಕುಳಿತವರ ಮುಂದೆ ನಿಂತು ಆ ಮಾತು ಹೇಳಲಾರರು.

ಖಜಾನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದುದು, ಅದಕ್ಕೆ ಗೌರವದಿಂದ ಉತ್ತರಿಸಬೇಕು. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ 51,034 ಕೋಟಿ, ಅಂದರೆ ಎಂಟರಲ್ಲಿ ಒಂದು ಭಾಗ. ಇದು ಸಣ್ಣ ಮೊತ್ತವಲ್ಲ. ರಸ್ತೆ, ನೀರಾವರಿ, ಆಸ್ಪತ್ರೆಗೆ ಹಣ ಸಾಲದೆ ಹೋದರೆ ಅದರ ಪೆಟ್ಟೂ ಬಡವರಿಗೇ ಬೀಳುತ್ತದೆ. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ವರದಿ ಕೊಟ್ಟ ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತ್ತು. 371 ಜೆ ವಿಧಿಯ ವಿಶೇಷ ಸೌಲಭ್ಯ ಕಲ್ಯಾಣ ಕರ್ನಾಟಕಕ್ಕೆ ಇದೆ, ಧಾರವಾಡ, ಗದಗ, ಹಾವೇರಿಗಳಿಗೆ ಇಲ್ಲ. ಆದ್ದರಿಂದ ಇಲ್ಲಿನ ಶಾಲೆ, ಆಸ್ಪತ್ರೆಗಳು ರಾಜ್ಯದ ಸಾಮಾನ್ಯ ಬಜೆಟ್ಟನ್ನೇ ನೆಚ್ಚಿಕೊಂಡಿವೆ. ಆದರೂ ಆದಾಯದ ಆಸರೆಯನ್ನು ಮೊಟಕುಗೊಳಿಸಿ ಆ ಹಣ ಉಳಿಸಬೇಕೆಂಬುದನ್ನು ನಾನು ಒಪ್ಪಲಾರೆ. ಈ ಹಣ ಊರು ಬಿಟ್ಟು ಹೋಗುವುದಿಲ್ಲ: ಕಿರಾಣಿ ಅಂಗಡಿಗೆ, ಹಿಟ್ಟಿನ ಗಿರಣಿಗೆ, ಸಂತೆಯ ತರಕಾರಿಯವರಿಗೆ, ಔಷಧದ ಅಂಗಡಿಗೆ ಹೋಗಿ ಅಲ್ಲಿಂದ ಮತ್ತೆ ತಿರುಗುತ್ತದೆ. ಆದಾಯ ತೆರಿಗೆ ಕಟ್ಟುವವರನ್ನು ಹೊರಗಿಡುವುದು ಸರಿ. ಅದನ್ನು ಮೀರಿ ಬಡವರಲ್ಲೇ ಕಡುಬಡವರನ್ನು ಜರಡಿ ಹಿಡಿಯಲು ಹೋದರೆ ಉಳಿಯುವ ಹಣಕ್ಕಿಂತ ಹೊರಗೆ ಬೀಳುವ ಮನೆಗಳೇ ಹೆಚ್ಚಾಗುತ್ತವೆ.

ನೀತಿಯೊಂದು ದುಡಿಮೆಯನ್ನು ಹೇಗೆ ಕಸಿಯಬಲ್ಲದು ಎಂಬುದಕ್ಕೆ ಹುಬ್ಬಳ್ಳಿಯ ಬೆಂಗೇರಿಯೇ ಸಾಕ್ಷಿ. ಅಲ್ಲಿನ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ತಯಾರಿಸುವವರಲ್ಲಿ ಹೆಚ್ಚಿನವರು ಮಹಿಳೆಯರು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಿಂದ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಿತು. ಖಾದಿ ಧ್ವಜದ ಬೇಡಿಕೆಗೆ ಪೆಟ್ಟು ಬಿತ್ತು. ಇಂಥ ತೀರ್ಮಾನ ತೆಗೆದುಕೊಳ್ಳುವಾಗ ದುಡಿಮೆ ಕಳೆದುಕೊಳ್ಳುವವರಿಗೆ ಇಷ್ಟು ತಿಂಗಳು ಆದಾಯದ ಆಸರೆ ಎಂದು ಅದೇ ಆದೇಶದಲ್ಲಿ ಬರೆಯುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲ.

ಕಾನೂನು ಬದಲಾಗುವವರೆಗೆ ಈಗಿರುವುದನ್ನು ತಪ್ಪದೆ ಪಡೆಯುವ ಕೆಲಸವೂ ಇದೆ, ಅದರಲ್ಲಿ ಓದುಬರಹ ಬಲ್ಲ ನೆರೆಯವರ ಸಹಾಯ ಬಹಳ ದೊಡ್ಡದು. ಹಣ ನಿಂತುಹೋದ ಮನೆಯಲ್ಲಿ ಮೊದಲು ನೋಡಬೇಕಾದದ್ದು ಖಾತೆಗೆ ಆಧಾರ್ ಜೋಡಣೆ. ಎರಡು ಬ್ಯಾಂಕುಗಳಲ್ಲಿ ಖಾತೆ ಇದ್ದರೆ ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹಣ ಹೋಗಿರುವುದುಂಟು, ಹಳೆಯ ಪಾಸ್‌ಬುಕ್ ನೋಡಿ ಬಂದಿಲ್ಲವೆಂದು ಕೊರಗುವವರಿದ್ದಾರೆ. ಆಧಾರ್, ಪಡಿತರ ಚೀಟಿ ಮತ್ತು ಪಾಸ್‌ಬುಕ್ಕಿನಲ್ಲಿ ಹೆಸರಿನ ಅಕ್ಷರಗಳು ಒಂದೇ ರೀತಿ ಇವೆಯೇ ಎಂದು ಹೋಲಿಸಬೇಕು. ಗೃಹಲಕ್ಷ್ಮಿಯ ವಿಷಯಕ್ಕೆ ಅಂಗನವಾಡಿ ಕಾರ್ಯಕರ್ತೆಯರನ್ನು ಅಥವಾ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯನ್ನು, ಪಿಂಚಣಿಯ ವಿಷಯಕ್ಕೆ ನಾಡಕಚೇರಿಯನ್ನು, ಪಡಿತರ ಚೀಟಿಗೆ ಆಹಾರ ಇಲಾಖೆಯ ಶಿರಸ್ತೇದಾರರನ್ನು ಕಾಣಬೇಕು. ಅರ್ಜಿ ಕೊಟ್ಟಾಗ ಸ್ವೀಕೃತಿ ಪತ್ರ ಪಡೆದುಕೊಳ್ಳಬೇಕು. ಸಕಾಲ ಕಾಯ್ದೆಯಡಿ ಬರುವ ಸೇವೆಯಾದರೆ ಅದರಲ್ಲಿ ಹದಿನೈದು ಅಂಕಿಯ ಸಂಖ್ಯೆ ಇರುತ್ತದೆ, ಅವಧಿ ಮೀರಿದರೆ ಮೇಲ್ಮನವಿ ಸಲ್ಲಿಸಲು ಅದೇ ಆಧಾರ. ತಿರಸ್ಕಾರವಾದರೆ ಕಾರಣವನ್ನು ಬರೆದುಕೊಡುವಂತೆ ಕೇಳಬೇಕು.